ಯಂತ್ರಾಂತರವೂ ಪಾಠಾಂತರವೂ: ಗಣಕದ ವ್ಯವಸ್ಥೆ ಬದಲಾದಾಗ ಕನ್ನಡ ಪಠ್ಯದ ಪರಿಶೋಧನೆ

೧

ಪ್ರತಿಯಿಂದ ಪ್ರತಿಗೆ ಸಾಗುವಾಗ ಪಠ್ಯದಲ್ಲಿ ಉಂಟಾಗುವ ವಿಕಾರಗಳು ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಹೊಸವಲ್ಲ. ಲಿಪಿಕಾರನ ಕಣ್ತಪ್ಪು, ಅಕ್ಷರಸಾಮ್ಯದಿಂದ ಹುಟ್ಟುವ ಭ್ರಾಂತಿ, ತಿಳಿಯದ ಮಾತನ್ನು ತಿಳಿದ ಮಾತಾಗಿ ತಿದ್ದುವ ಉತ್ಸಾಹ, ಇವೆಲ್ಲ ಮೂಲವನ್ನು ಮರೆಮಾಡುವ ಬಗೆಯನ್ನು ನಮ್ಮ ವಿದ್ವಾಂಸರು ವಿವರಿಸಿದ್ದಾರೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಪ್ರಕಟವಾದಂದಿನಿಂದ ಈ ವಿಚಾರ ನಮ್ಮ ತರಗತಿಗಳಲ್ಲಿ ನೆಲೆಗೊಂಡಿದೆ. ಆದರೆ ಆಗ ಪಠ್ಯದ ಆಧಾರ ಓಲೆ, ಕಾಗದ ಮತ್ತು ಅಚ್ಚು. ಈಗ ಅದರ ಬಹುಭಾಗ ಗಣಕಯಂತ್ರದಲ್ಲಿದೆ. ಅಲ್ಲಿ ಲಿಪಿಕಾರನಿಲ್ಲ, ಪ್ರತ್ಯಂತರ ಮಾತ್ರ ಉಂಟು. ಆಪರೇಟಿಂಗ್ ಸಿಸ್ಟಂ ಎಂದು ರೂಢಿಯಲ್ಲಿರುವ ಕಾರ್ಯಾಚರಣ ವ್ಯವಸ್ಥೆ ಬದಲಾದಾಗಲೆಲ್ಲ ಹಳೆಯ ಕಡತವು ಹೊಸ ಓದುಗನ ಕೈಗೆ ಸಿಕ್ಕಂತೆಯೇ ಆಗುವುದು.

ಈ ಬದಲಾವಣೆ ನಮ್ಮ ಇಚ್ಛೆಯಿಂದ ನಡೆಯುವುದಲ್ಲ. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ ೨೦೧೪ರ ಏಪ್ರಿಲ್ ೮ಕ್ಕೆ ನಿಂತಿತು. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ಕ್ಕೆ. ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ಕ್ಕೆ. ಪ್ರತಿಸಲವೂ ಕಾಲೇಜುಗಳೂ ಕಚೇರಿಗಳೂ ಮುದ್ರಣಾಲಯಗಳೂ ಹೊಸ ವ್ಯವಸ್ಥೆಗೆ ಏರಬೇಕಾಗಿ ಬಂದಿತು. ಪ್ರತಿಸಲವೂ ಕೇಳಿಬಂದ ದೂರು ಒಂದೇ: ‘ಕನ್ನಡ ಹೋಯಿತು’. ಈ ಮಾತಿನಲ್ಲಿ ನಾಲ್ಕಾರು ಬಗೆಯ ದೋಷಗಳು ಒಂದಾಗಿ ಸೇರಿಕೊಂಡಿವೆ. ಅವುಗಳನ್ನು ಬಿಡಿಸಿ ನೋಡುವುದು, ಈ ದೋಷಗಳಿಗೆ ಆಶ್ರಯವಾದ ತಂತ್ರಾಂಶಗಳ ಗುಣಾವಗುಣಗಳನ್ನು ತೂಗುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುವುದು ಯುಕ್ತ. ವ್ಯವಸ್ಥೆ ಬದಲಾದಾಗ ತೋರುವ ದೋಷಗಳಲ್ಲಿ ಕೆಲವು ಉಪಕರಣದವು, ಕೆಲವು ಪಠ್ಯದವು. ಉಪಕರಣದ ದೋಷ ಎದ್ದು ಕಾಣುತ್ತದೆ. ಆದುದರಿಂದ ಅದಕ್ಕೆ ಚಿಕಿತ್ಸೆಯೂ ಬೇಗ ದೊರೆಯುತ್ತದೆ. ಪಠ್ಯದ ದೋಷ ಹಲವು ವೇಳೆ ಕಾಣುವುದೇ ಇಲ್ಲ. ತೆರೆಯ ಮೇಲೆ ಕನ್ನಡ ಅಕ್ಷರಗಳು ಮೂಡಿದೊಡನೆ ಯಂತ್ರ ಸರಿಯಾಯಿತೆಂದು ತಂತ್ರಜ್ಞರು ಎದ್ದು ಹೋಗುವರು. ಮೂಡಿದ ಕನ್ನಡವು ಬರೆದ ಕನ್ನಡವೇ ಹೌದೇ ಎಂಬ ಪ್ರಶ್ನೆ ಆಮೇಲೂ ಉಳಿಯುವುದು. ಅದನ್ನು ಕೇಳಬೇಕಾದವರು ಭಾಷೆಯ ಅಧ್ಯಾಪಕರು, ವಿದ್ಯಾರ್ಥಿಗಳು.

ಉದಾಹರಣೆಗೆ ನಾವು ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇವೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ಇದು ಪಠ್ಯಸಂಪತ್ತಿನ ನಾಡು. ಪಾನುಂಗಲ್ ಎಂದು ಶಾಸನಗಳು ಕರೆಯುವ ಹಾನಗಲ್, ಏಕಾಂತದ ರಾಮಯ್ಯನ ವೃತ್ತಾಂತವನ್ನು ತಿಳಿಸುವ ಅಬಲೂರಿನ ಶಾಸನ, ಕನಕದಾಸರ ಬಾಡ, ಷರೀಫರ ಶಿಶುವಿನಹಾಳ, ವಿ. ಕೃ. ಗೋಕಾಕರು ೧೯೦೯ರಲ್ಲಿ ಹುಟ್ಟಿದ ಸವಣೂರು, ಎಲ್ಲವೂ ಇಲ್ಲಿವೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದು ಸ್ಥಾಪಿತವಾದುದು ೨೦೧೧ರಲ್ಲಿ. ಇಂಥ ಸೀಮೆಯಲ್ಲಿ ವಿದ್ಯಾರ್ಥಿಯೊಬ್ಬ ಬರೆದುಕೊಂಡು ಬಂದ ಹಾಡಿಗೆ ಕೆಲವೊಮ್ಮೆ ಗಣಕದ ಕಡತವೊಂದೇ ಆಧಾರವಾಗಿ ಉಳಿದಿರುವುದು, ಹಾಡಿದವರು ತೀರಿಕೊಂಡಿರಬಹುದು. ಎರಡನೆಯದಾಗಿ, ಈ ನಾಲ್ಕು ಊರುಗಳ ಹೆಸರುಗಳೇ ನಾವು ಹೇಳಹೊರಟ ದೋಷಗಳಿಗೆ ಒರೆಗಲ್ಲಾಗಬಲ್ಲವು. ಅದನ್ನು ಮುಂದೆ ತೋರಿಸುತ್ತೇವೆ.

೨

ಮೊದಲು ಉಪಕರಣದ ದೋಷಗಳನ್ನು ನೋಡೋಣ. ಡ್ರೈವರ್ ಎಂಬುದು ಕಾರ್ಯಾಚರಣ ವ್ಯವಸ್ಥೆಗೂ ಮುದ್ರಕ, ಸ್ಕ್ಯಾನರ್ ಮೊದಲಾದ ಉಪಕರಣಗಳಿಗೂ ನಡುವೆ ನಿಂತ ದುಭಾಷಿ. ಇಬ್ಬರಲ್ಲಿ ಒಬ್ಬರ ಭಾಷೆ ಬದಲಾದರೆ ದುಭಾಷಿಯೂ ಹೊಸದಾಗಿ ಕಲಿಯಬೇಕು. ವಿಂಡೋಸ್ ೧೦ಕ್ಕೆ ೩೨ ಬಿಟ್ ಮತ್ತು ೬೪ ಬಿಟ್ ಎಂಬ ಎರಡು ರೂಪಗಳಿದ್ದುವು. ೨೦೨೧ರಲ್ಲಿ ಬಂದ ವಿಂಡೋಸ್ ೧೧ಕ್ಕೆ ೩೨ ಬಿಟ್ಟಿನ ರೂಪವಿಲ್ಲ. ೬೪ ಬಿಟ್ಟಿನ ವ್ಯವಸ್ಥೆಯ ಒಳತಿರುಳಿನಲ್ಲಿ ೩೨ ಬಿಟ್ಟಿನ ಡ್ರೈವರ್ ಕೆಲಸ ಮಾಡಲಾರದು. ಡಿಜಿಟಲ್ ಸಹಿಯಿಲ್ಲದ ಡ್ರೈವರನ್ನು ಅದು ಸಾಮಾನ್ಯವಾಗಿ ಒಳಗೆ ಬಿಡದು. ೧೬ ಬಿಟ್ಟಿನ ಕಾಲದ ಪ್ರೋಗ್ರಾಮುಗಳು ಅಲ್ಲಿ ತೆರೆಯುವುದೇ ಇಲ್ಲ. ಹಳೆಯ ಸ್ಕ್ಯಾನರು ಕೆಟ್ಟಿಲ್ಲದಿದ್ದರೂ ಮೂಕವಾಗುವುದಕ್ಕೆ ಇದೇ ಕಾರಣ. ಡಿವೈಸ್ ಮ್ಯಾನೇಜರಿನಲ್ಲಿ ಅದರ ಹೆಸರಿನ ಪಕ್ಕದಲ್ಲಿ ಹಳದಿ ತ್ರಿಕೋನ ಕಾಣಿಸಿದರೆ, ತಯಾರಕರಿಂದ ೬೪ ಬಿಟ್ಟಿನ ಡ್ರೈವರನ್ನು ಪಡೆಯತಕ್ಕದ್ದು. ಅದು ಇಲ್ಲವಾದರೆ ಆ ಉಪಕರಣಕ್ಕಾಗಿ ಹಳೆಯ ಯಂತ್ರವೊಂದನ್ನು ಜಾಲದಿಂದ ಬೇರ್ಪಡಿಸಿ ಉಳಿಸಿಕೊಳ್ಳತಕ್ಕದ್ದು. ಹೊಸ ಡ್ರೈವರ್ ಬಂದ ಮೇಲೆ ತೊಂದರೆ ಹುಟ್ಟಿದ್ದರೆ ಅದೇ ಸ್ಥಳದಲ್ಲಿ ಹಿಂದಿನ ಡ್ರೈವರಿಗೆ ಮರಳುವ ಅವಕಾಶವೂ ಉಂಟು. ಹೊರಗಿನ ತಯಾರಕರ ಮುದ್ರಕ ಡ್ರೈವರುಗಳನ್ನು ವಿಂಡೋಸಿನ ಮೂಲಕ ಒದಗಿಸುವ ಪದ್ಧತಿಯನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿತು. ಆದುದರಿಂದ ಬಳಕೆಯಲ್ಲಿರುವ ಮುದ್ರಕದ ಡ್ರೈವರಿನ ಪ್ರತಿಯನ್ನು ಕಾಪಾಡಿ ಇಡುವುದು ಇನ್ನು ಮುಂದೆ ಅತಿಜಾಗರೂಕತೆ ಎನ್ನಿಸಿಕೊಳ್ಳದು.

ಕನ್ನಡ ಅಕ್ಷರಜೋಡಣೆಯ ಕೆಲವು ತಂತ್ರಾಂಶಗಳು ಯಂತ್ರಕ್ಕೆ ಸಿಕ್ಕಿಸಿದ ಬೀಗದಂಥ ಸಣ್ಣ ಉಪಕರಣವನ್ನು ನೋಡಿಕೊಂಡು ಮಾತ್ರ ತೆರೆಯುವುವು. ಆ ಬೀಗಕ್ಕೂ ಡ್ರೈವರ್ ಬೇಕು. ಅದು ಹೊಸ ವ್ಯವಸ್ಥೆಯಲ್ಲಿ ಇಲ್ಲದಿದ್ದರೆ ಹಣ ಕೊಟ್ಟು ಕೊಂಡವನನ್ನೇ ತಂತ್ರಾಂಶವು ಕಳ್ಳನೆಂದು ಬಗೆದು ಬಾಗಿಲು ಹಾಕಿಕೊಳ್ಳುವುದು. ತಂತ್ರಾಂಶವನ್ನು ಎಷ್ಟು ಸಲ ಮರುಸ್ಥಾಪಿಸಿದರೂ ಇಲ್ಲಿ ಫಲವಿಲ್ಲ. ಮೊದಲು ನೋಡಬೇಕಾದುದು ಬೀಗದ ಡ್ರೈವರನ್ನು.

ಇನ್ನೊಂದು ದೋಷ ಉಪಕರಣಕ್ಕೂ ಪಠ್ಯಕ್ಕೂ ನಡುವಣದು. ತೆರೆಯ ಮೇಲೆ ಕನ್ನಡ ಸರಿಯಾಗಿರುವುದು, ಕಾಗದದ ಮೇಲೆ ಮಾತ್ರ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುವುದು. ಕೆಲವು ಮುದ್ರಕಗಳ ಡ್ರೈವರು ಕಡತದಲ್ಲಿರುವ ಫಾಂಟಿಗೆ ಬದಲಾಗಿ ತನ್ನಲ್ಲಿರುವ ಫಾಂಟನ್ನು ಹಾಕಿಕೊಳ್ಳುವ ಏರ್ಪಾಡು ಹೊಂದಿರುವುದೇ ಇದಕ್ಕೆ ಕಾರಣ. ಹೊಸದಾಗಿ ಸ್ಥಾಪಿಸಿದ ಡ್ರೈವರಿನಲ್ಲಿ ಈ ಏರ್ಪಾಡು ತಾನಾಗಿಯೇ ಜಾರಿಯಲ್ಲಿರಬಹುದು. ಅದನ್ನು ತೆಗೆದುಹಾಕಿದರೆ, ಅಥವಾ ಫಾಂಟನ್ನು ಒಳಗೊಂಡ ಪಿಡಿಎಫ್ ಮಾಡಿ ಅದನ್ನು ಚಿತ್ರರೂಪದಲ್ಲಿ ಅಚ್ಚು ಹಾಕಿದರೆ ತೊಂದರೆ ನೀಗುವುದು.

ಕಾಲದ ಮಾತನ್ನೂ ಇಲ್ಲಿಯೇ ಹೇಳಬೇಕು. ಇದ್ದ ವ್ಯವಸ್ಥೆಯ ಮೇಲೆಯೇ ಹೊಸದನ್ನು ಏರಿಸಿದರೆ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ ೧೦ ದಿನಗಳ ಅವಕಾಶವಿರುವುದು. ಆದರೆ ೩೨ ಬಿಟ್ಟಿನಿಂದ ೬೪ ಬಿಟ್ಟಿಗೆ ಹಾಗೆ ಏರುವ ದಾರಿಯಿಲ್ಲ. ಎಲ್ಲವನ್ನೂ ಹೊಸದಾಗಿ ಸ್ಥಾಪಿಸಬೇಕು. ಆಗ ಹಳೆಯ ತಂತ್ರಾಂಶಗಳೂ ಫಾಂಟುಗಳೂ ಉಳಿಯುವುದಿಲ್ಲ. ಪಠ್ಯದ ಪರೀಕ್ಷೆಯನ್ನು ‘ಬಿಡುವಾದಾಗ ನೋಡೋಣ’ ಎಂದು ಮುಂದೂಡುವವರು ಈ ಎರಡು ಸಂಗತಿಗಳನ್ನು ನೆನಪಿಡುವುದು ಒಳ್ಳೆಯದು.

೩

ಈಗ ಪಠ್ಯದ ದೋಷಗಳಿಗೆ ಬರೋಣ. ಇವನ್ನು ತಿಳಿಯಲು ನಮ್ಮ ಹಳೆಯ ಕಡತಗಳು ಕನ್ನಡವನ್ನು ಹೇಗೆ ಇಟ್ಟುಕೊಂಡಿವೆ ಎಂಬುದನ್ನು ಅರಿಯಬೇಕು.

ವಿಂಡೋಸಿಗೆ ಕನ್ನಡವನ್ನು ತಾನಾಗಿ ಜೋಡಿಸುವ ಶಕ್ತಿ ಬಂದುದು ೨೦೦೧ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಡನೆ. ಅದಕ್ಕೆ ಮೊದಲು ಕನ್ನಡ ಬೇಕಾದವರಿಗೆ ಇದ್ದ ಉಪಾಯ ಒಂದೇ: ಇಂಗ್ಲಿಷ್ ಮತ್ತಿತರ ಯೂರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸುವುದು. ತಲೆಕಟ್ಟು, ಕೊಂಬು, ಒತ್ತು, ದೀರ್ಘ, ಎಲ್ಲವೂ ಒಂದೊಂದು ಮೊಳೆ. ಅಚ್ಚುಮೊಳೆಗಳನ್ನು ಜೋಡಿಸುತ್ತಿದ್ದಂತೆಯೇ ಇವನ್ನು ಜೋಡಿಸಿದರೆ ಕಣ್ಣಿಗೆ ಕನ್ನಡ ಕಾಣುತ್ತಿತ್ತು. ಕಡತದೊಳಗೆ ಇರುತ್ತಿದ್ದುದು ಮಾತ್ರ ಯೂರೋಪಿನ ಅಕ್ಷರಗಳ ಸಂಖ್ಯೆಗಳೇ.

ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ರಾಜ್ಯದ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಇವುಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಒಂದೊಂದು ವಾಣಿಜ್ಯ ತಂತ್ರಾಂಶಕ್ಕೂ ಒಂದೊಂದು ಸಂಖ್ಯಾಕ್ರಮವಿದ್ದು, ಒಬ್ಬರ ಕಡತವನ್ನು ಇನ್ನೊಬ್ಬರು ಓದಲಾಗದಿದ್ದ ಕಾಲದಲ್ಲಿ ಇವು ಸಾಮಾನ್ಯನಿಗೆ ಹಣವಿಲ್ಲದೆ ಕನ್ನಡವನ್ನು ದೊರಕಿಸಿದುವು, ಮೊಳೆಗಳ ಸಂಖ್ಯಾಕ್ರಮದಲ್ಲಿ ಒಂದು ಏಕರೂಪತೆ ತಂದುವು, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮವನ್ನು ಮನೆಮಾತಾಗಿಸಿದುವು. ಮುಂದೆ ಎರಡೂ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಒದಗಿಸಿದುವು. ಅಂದಿನ ಪರಿಮಿತಿಯಲ್ಲಿ ಮೊಳೆಗಳ ಪದ್ಧತಿ ದೋಷವಲ್ಲ, ಅನಿವಾರ್ಯ. ದೋಷವಿರುವುದು ಅನಿವಾರ್ಯ ಕಳೆದ ಮೇಲೂ ಅದನ್ನೇ ಹಿಡಿದು ನಿಂತ ಬಳಕೆಯಲ್ಲಿ. ವ್ಯವಸ್ಥೆಗೆ ಕನ್ನಡ ಬಂದು ಎರಡು ದಶಕಗಳು ಸಂದ ಮೇಲೂ ಹಳೆಯ ಮೊಳೆಗಳಲ್ಲಿಯೇ ಪ್ರಬಂಧಗಳನ್ನೂ ಸಂಗ್ರಹಗಳನ್ನೂ ಜೋಡಿಸುವುದನ್ನು ಸಮರ್ಥಿಸುವುದು ಕಷ್ಟ.

ಇದರ ಪರಿಣಾಮ ವ್ಯವಸ್ಥೆ ಬದಲಾದ ದಿನ ತಿಳಿಯುವುದು. ಹೊಸ ಯಂತ್ರದಲ್ಲಿ ನುಡಿಯ ಫಾಂಟಿಲ್ಲದಿದ್ದರೆ ನಕಾರವಿರಬೇಕಾದಲ್ಲಿ ಪೌಂಡ್ ನಾಣ್ಯದ ಚಿಹ್ನೆಯೂ, ಅರ್ಕಾವೊತ್ತು ಇರಬೇಕಾದಲ್ಲಿ ಐಸ್‌ಲೆಂಡಿನ ಭಾಷೆಯ ಒಂದು ಅಕ್ಷರವೂ ಕಾಣುವುವು. ಇದನ್ನು ಕಂಡು ಕಡತ ಕೆಟ್ಟಿತೆಂದು ಭಾವಿಸಬಾರದು. ಕಡತ ಇದ್ದಂತೆಯೇ ಇದೆ. ಅದರ ವೇಷ ಕಳಚಿದೆ, ಅಷ್ಟೆ. ಅದೇ ಫಾಂಟನ್ನು ಸ್ಥಾಪಿಸಿದೊಡನೆ ಕನ್ನಡ ಮರಳುವುದು. ನಿಜವಾದ ಹಾನಿ ಆಗುವುದು ಈ ಸ್ಥಿತಿಯಲ್ಲಿ ಯಾರಾದರೂ ಕಡತವನ್ನು ತಿದ್ದಿ ಉಳಿಸಿದಾಗ.

ಹಾನಿಯ ಒಂದು ಗುಪ್ತಮಾರ್ಗವನ್ನು ಹೇಳುತ್ತೇವೆ. ನುಡಿಯ ಸಂಖ್ಯಾಕ್ರಮದಲ್ಲಿ ರಕಾರ ಕುಳಿತಿರುವುದು ಇಂಗ್ಲಿಷಿನ ಸಣ್ಣ ‘ಜಿ’ ಅಕ್ಷರದ ಮನೆಯಲ್ಲಿ. ಉಕಾರ ಕುಳಿತಿರುವುದು ದೊಡ್ಡ ‘ಜಿ’ಯ ಮನೆಯಲ್ಲಿ. ಹೊಸದಾಗಿ ಸ್ಥಾಪಿಸಿದ ವರ್ಡ್ ತಂತ್ರಾಂಶವು ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಅಭ್ಯಾಸವುಳ್ಳದ್ದು. ‘ರಾಮ’ ಎಂದು ವಾಕ್ಯವನ್ನು ಆರಂಭಿಸಿದವನಿಗೆ ರಕಾರ ಹೋಗಿ ಉಕಾರದ ಪಕ್ಕದಲ್ಲಿ ಒಂದು ದೀರ್ಘ ನೇತಾಡುವುದು ಕಾಣಿಸೀತು. ಹಳೆಯ ಯಂತ್ರದಲ್ಲಿ ಯಾರೋ ಈ ಅಭ್ಯಾಸವನ್ನು ನಿಲ್ಲಿಸಿದ್ದರು, ಹೊಸದರಲ್ಲಿ ನಿಲ್ಲಿಸಿಲ್ಲ. ಹಳೆಯ ಮೊಳೆಗಳಲ್ಲಿಯೇ ಬೆರಳಚ್ಚು ಮಾಡುವುದು ಅನಿವಾರ್ಯವಾದರೆ ಮೊದಲು ಈ ಸ್ವಯಂತಿದ್ದುಪಡಿಯನ್ನು ತೆಗೆಯತಕ್ಕದ್ದು.

ಕೀಲಿಮಣೆಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಇಂಥ ತಂತ್ರಾಂಶಗಳು ಕೀಲಿಯ ಒತ್ತುಗಳನ್ನು ನಡುದಾರಿಯಲ್ಲಿ ಹಿಡಿದು ಕನ್ನಡವಾಗಿಸಿ ಕಳುಹಿಸುವುವು. ವಿಸ್ತಾ ಕಾಲದಿಂದೀಚೆಗಿನ ವಿಂಡೋಸಿನಲ್ಲಿ, ಹೆಚ್ಚಿನ ಅಧಿಕಾರದಿಂದ ನಡೆಯುವ ಪ್ರೋಗ್ರಾಮಿನ ಕೀಲಿಗಳನ್ನು ಕಡಿಮೆ ಅಧಿಕಾರದ ಪ್ರೋಗ್ರಾಮು ಹಿಡಿಯಲಾರದು. ಒಂದು ಕಿಟಕಿಯಲ್ಲಿ ಕನ್ನಡ ಮೂಡಿ, ಪಕ್ಕದ ಕಿಟಕಿಯಲ್ಲಿ ಮೂಡದಿರಲು ಇದು ಒಂದು ಕಾರಣ. ಎರಡನ್ನೂ ಸಮಾನ ಅಧಿಕಾರದಲ್ಲಿ ತೆರೆಯುವುದು ಪರಿಹಾರ. ಯೂನಿಕೋಡಿನಲ್ಲಿ ಬರೆಯುವವರಿಗೆ ವಿಂಡೋಸಿನ ಒಳಗೇ ಇನ್‌ಸ್ಕ್ರಿಪ್ಟ್ ಕೀಲಿಮಣೆ ಉಂಟು. ೨೦೧೯ರಿಂದ ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯೂ ಸೇರಿದೆ.

೪

ಪರಿವರ್ತಕಗಳ ಕೆಲಸವನ್ನು ಈಗ ಪರೀಕ್ಷಿಸೋಣ. ಹಳೆಯ ಕಡತವು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುವುದು. ಯೂನಿಕೋಡ್ ಬಾಯಿಗೆ ಬರುವ ಕ್ರಮವನ್ನು ಅನುಸರಿಸುವುದು. ಈ ಎರಡರ ನಡುವೆ ಪರಿವರ್ತಕ ಎಡವುವ ಸ್ಥಳಗಳು ಯಾವುವೆಂಬುದನ್ನು ನಾಲ್ಕು ಊರುಗಳ ಹೆಸರುಗಳಿಂದಲೇ ತಿಳಿಯಬಹುದು.

‘ಶಿಗ್ಗಾಂವಿ’ಯನ್ನು ತೆಗೆದುಕೊಳ್ಳೋಣ. ಹಳೆಯ ಕಡತದಲ್ಲಿ ಮೊದಲು ‘ಗಾ’, ಅದರ ಬಳಿಕ ಗಕಾರದ ಒತ್ತು. ಯೂನಿಕೋಡಿನಲ್ಲಿ ಎರಡು ಗಕಾರಗಳೂ ಮೊದಲು, ದೀರ್ಘ ಕೊನೆಗೆ. ದೀರ್ಘವನ್ನು ಹಿಂದಕ್ಕೆ ಸರಿಸಲು ಪರಿವರ್ತಕ ಮರೆತರೆ ಅಕ್ಷರ ಒಡೆಯುವುದು. ಈ ದೋಷ ಕಣ್ಣಿಗೆ ಬೀಳುವಂಥದು. ಆದುದರಿಂದ ಅಷ್ಟು ಅಪಾಯಕಾರಿಯಲ್ಲ. ಅರ್ಕಾವೊತ್ತಿನದು ಇದಕ್ಕಿಂತ ತೊಡಕಿನದು. ಕಣ್ಣಿಗೆ ಅದು ಅಕ್ಷರದ ಬಳಿಕ, ಬಾಯಿಗೆ ಅಕ್ಷರದ ಮೊದಲು. ಇದನ್ನರಿಯದ ಪರಿವರ್ತನೆಯಿಂದಲೇ ‘ಕರ್ನಾಟಕ’ವು ‘ಕನಾರ್ಟಕ’ವಾಗಿಯೂ ‘ವರ್ಷ’ವು ‘ವಷರ್’ ಆಗಿಯೂ ಕಾಣಿಸಿಕೊಂಡಿವೆ. ಇಂಥ ರೂಪಗಳನ್ನು ಕಂಡಾಗ ಬೆರಳಚ್ಚಿನವನನ್ನು ದೂರುವುದು ಅನ್ಯಾಯ.

‘ಹಾನಗಲ್’ ಎಂಬುದಕ್ಕೆ ಸಪ್ತಮಿ ಹಚ್ಚಿದರೆ ‘ಹಾನಗಲ್‌ನಲ್ಲಿ’. ಇಲ್ಲಿ ಲಕಾರಕ್ಕೂ ನಕಾರಕ್ಕೂ ನಡುವೆ, ಅವೆರಡನ್ನೂ ಕೂಡದಂತೆ ತಡೆಯುವ ಕಾಣದ ಗುರುತೊಂದು ಇದೆ. ಹಳೆಯ ಕಡತದಲ್ಲಿ ಪೊಲ್ಲಿಗೇ ಪ್ರತ್ಯೇಕ ಮೊಳೆಯಿದ್ದುದರಿಂದ ಆ ಗುರುತು ಬೇಕಾಗಿರಲಿಲ್ಲ, ಹೊಸದಕ್ಕೆ ಬೇಕು. ಪರಿವರ್ತಕ ಅದನ್ನು ಸೇರಿಸದಿದ್ದರೆ, ಅಥವಾ ಕಾಣದ ಗುರುತುಗಳೆಲ್ಲ ಕಸವೆಂದು ಬಗೆದು ಬೇರೊಂದು ತಂತ್ರಾಂಶ ಅದನ್ನು ಅಳಿಸಿದರೆ, ಉಳಿಯುವುದು ‘ಹಾನಗಲ್ನಲ್ಲಿ’.

‘ಹಿರೇಕೆರೂರು’ ಇನ್ನೂ ಸೂಕ್ಷ್ಮವಾದುದು. ಹಳೆಯ ಪದ್ಧತಿಯಲ್ಲಿ ‘ರೇ’ ಎಂಬುದು ‘ರೆ’ಯ ಮುಂದೆ ದೀರ್ಘದ ಮೊಳೆ. ಯೂನಿಕೋಡಿನಲ್ಲಿ ಇದನ್ನು ಒಂದೇ ಏಕಾರ ಚಿಹ್ನೆಯಾಗಿಯೂ ಇಡಬಹುದು, ಎಕಾರ ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳಾಗಿಯೂ ಇಡಬಹುದು. ಎರಡೂ ಸಮವೆಂದು ಆ ಶಾಸ್ತ್ರ ಹೇಳುವುದು, ಕಣ್ಣಿಗೂ ಒಂದೇ. ಆದರೆ ಸಂಖ್ಯೆಗಳನ್ನು 그ಹಿಸದೆ ಹೋಲಿಸುವ ಹುಡುಕಾಟಕ್ಕೆ ಅವು ಬೇರೆ ಬೇರೆ. ಸಾವಿರ ಹಾಡುಗಳಲ್ಲಿ ಆ ಊರಿನ ಹೆಸರನ್ನು ಹುಡುಕಿದವನಿಗೆ ಅರ್ಧ ಮಾತ್ರ ಸಿಕ್ಕಿ, ಉಳಿದರ್ಧ ಇಲ್ಲವೆಂದೇ ಅವನು ಬರೆದುಬಿಡಬಹುದು. ಎಲ್ಲ ಕಡತಗಳನ್ನೂ ಒಂದೇ ಕ್ರಮಕ್ಕೆ ತರುವುದು ಇದಕ್ಕೆ ಪರಿಹಾರ. ಕಡತ ಸಾಗುವ ದಾರಿಯಲ್ಲಿ ಆ ದೀರ್ಘವೇ ಬಿದ್ದುಹೋದರೆ ಪರಿಣಾಮ ಇನ್ನೂ ಕೆಟ್ಟದು. ಆಗ ‘ತೇರು’ ‘ತೆರು’ವಾಗುವುದು, ‘ಕೋಡು’ ‘ಕೊಡು’ವಾಗುವುದು, ‘ಬೇರೆ’ ಎಂಬ ಮಾತೇ ‘ಬೆರೆ’ ಎಂದಾಗುವುದು. ಎರಡೂ ಕನ್ನಡ ಶಬ್ದಗಳಾದುದರಿಂದ ಕಾಗುಣಿತ ಪರೀಕ್ಷಕಕ್ಕೆ ಇವು ಸಿಕ್ಕಿಬೀಳವು. ಅರ್ಥ ಬಲ್ಲ ಓದುಗನಿಗೆ, ಹಾಡಾದರೆ ಮಾತ್ರೆಯ ಲೆಕ್ಕ ಬಲ್ಲವನಿಗೆ, ಸಿಕ್ಕಬೇಕು.

ಇನ್ನು ‘ಸವಣೂರು’. ಇದರಲ್ಲಿ ಒತ್ತಕ್ಷರವಿಲ್ಲ, ಅರ್ಕಾವೊತ್ತಿಲ್ಲ, ಕಾಣದ ಗುರುತಿಲ್ಲ, ಎರಡು ರೀತಿಯಲ್ಲಿ ಇಡಬಹುದಾದ ಸ್ವರಚಿಹ್ನೆಯೂ ಇಲ್ಲ. ಇಂಥ ಹೆಸರು ಯಾವ ಪರಿವರ್ತಕದಲ್ಲಿಯೂ ಸುಖವಾಗಿ ದಾಟುವುದು. ಅಪಾಯವಿರುವುದೇ ಇಲ್ಲಿ. ತನ್ನೂರಿನ ಹೆಸರನ್ನು ಒಮ್ಮೆ ಪರೀಕ್ಷಿಸಿ ಎಲ್ಲವೂ ಸರಿಯಾಗಿದೆಯೆಂದು ಸಹಿ ಹಾಕುವವನು ಸವಣೂರಿನವನಾಗಿದ್ದರೆ ಅವನಿಗೆ ದೋಷವೇ ಕಾಣದು. ಆದುದರಿಂದ ಪರೀಕ್ಷೆಯ ಪದಗಳನ್ನು ಕಷ್ಟವನ್ನು ಅರಿತು ಆರಿಸಬೇಕು. ಕೈಗೆ ಬಂದುದನ್ನು ಆರಿಸಬಾರದು.

೫

ಇಷ್ಟರಿಂದ ಓದುಗರು ಎಲ್ಲವನ್ನೂ ತಿದ್ದಿ ಏಕರೂಪಕ್ಕೆ ತರಲು ಹೊರಟರೆ ನಮ್ಮ ಉದ್ದೇಶ ಕೆಟ್ಟಂತೆಯೇ. ಯಂತ್ರದೋಷ ಬೇರೆ, ಪಾಠಾಂತರ ಬೇರೆ. ‘ಶಿಗ್ಗಾಂವಿ’, ‘ಶಿಗ್ಗಾವಿ’, ‘ಶಿಗ್ಗಾಂವ’ ಎಂಬ ಮೂರೂ ಜನರ ಬಳಕೆಯಲ್ಲಿ ಇರುವ ರೂಪಗಳು. ‘ಹಿರೇಕೆರೂರು’, ‘ಹಿರೇಕೆರೂರ’ ಎಂಬುವೂ ಹಾಗೆಯೇ. ಇವನ್ನು ಒಂದು ಗುಂಡಿ ಒತ್ತಿ ಒಂದಾಗಿಸುವುದು ಪರಿಷ್ಕರಣವಲ್ಲ, ಸಾಕ್ಷ್ಯದ ನಾಶ.

ಬಾಯಿಂದ ಬಾಯಿಗೆ ಬಂದ ಸಾಹಿತ್ಯದಲ್ಲಿ ಈ ವಿವೇಕ ಇನ್ನೂ ಅಗತ್ಯ. ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡ ಅಬಲೂರು, ಮಾಸೂರುಗಳು ಹಿರೇಕೆರೂರಿನ ಸೀಮೆಯವು. ಅವನ ವಚನಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರ ಮುಂದೆ ಇದ್ದುದು ಓಲೆಗಳೂ ಜನರ ಬಾಯಿಯೂ ಕೊಟ್ಟ ಭಿನ್ನಪಾಠಗಳು. ಷರೀಫರ ತತ್ವಪದಗಳೂ ಹಾಡುವವರ ಕಂಠದಲ್ಲಿಯೇ ಉಳಿದುಬಂದವು. ಇಲ್ಲಿನ ಹಾಡುಗಾರ್ತಿ ‘ಬ್ಯಾಡ’ ಎಂದು ಹಾಡಿದ್ದಾಳೆನ್ನೋಣ. ಕಾಗುಣಿತ ಪರೀಕ್ಷಕ ಅದರ ಅಡಿಯಲ್ಲಿ ಕೆಂಪುಗೆರೆ ಎಳೆದು ‘ಬೇಡ’ ಎಂದು ಸೂಚಿಸಬಹುದು. ಪರಿವರ್ತನೆಯಲ್ಲಿ ದೀರ್ಘ ಬಿದ್ದ ಇನ್ನೊಂದು ಕಡೆ ‘ಬೆಡ’ ಎಂದಿರುವುದು. ಮೂರರಲ್ಲಿ ‘ಬೇಡ’ ಗ್ರಾಂಥಿಕ, ‘ಬ್ಯಾಡ’ ಹಾಡಿದ ಪಾಠ, ‘ಬೆಡ’ ಯಂತ್ರದ ವಿಕಾರ. ಯಂತ್ರಕ್ಕೆ ‘ಬ್ಯಾಡ’, ‘ಬೆಡ’ಗಳೆರಡೂ ಒಂದೇ ಬಗೆಯ ತಪ್ಪು. ಒಂದನ್ನು ಕಾಪಾಡಿ ಇನ್ನೊಂದನ್ನು ತೆಗೆಯಬೇಕೆಂಬ ವಿವೇಕ ಆ ಸೀಮೆಯ ಮಾತನ್ನು ಬಲ್ಲವನಿಗಲ್ಲದೆ ಇಲ್ಲ. ಇದು ತಂತ್ರಜ್ಞರ ಕೆಲಸ, ನಮಗೇಕೆ ಎಂದು ಕೇಳುವ ಅಧ್ಯಾಪಕ ಮಿತ್ರರಿಗೆ ನಮ್ಮ ಉತ್ತರ ಇದೇ. ತಂತ್ರಜ್ಞರು ಬಾಗಿಲು ತೆರೆದುಕೊಡಬಲ್ಲರು. ಒಳಗಿರುವವರನ್ನು ಗುರುತಿಸಬೇಕಾದವರು ನಾವು.

೬

ಯೂನಿಕೋಡಿಗೆ ಹೋದರೆ ಎಲ್ಲವೂ ನಿರ್ದೋಷವೆಂದು ನಾವು ಹೇಳುವುದಿಲ್ಲ. ೧೯೯೧ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ ೧೨೮ ಮನೆಗಳ ಪಂಕ್ತಿಯೊಂದಿದೆ. ಮಾತನ್ನೂ ಅದರ ವೇಷವನ್ನೂ ಬೇರೆ ಮಾಡಿ, ಫಾಂಟು ಹೋದರೂ ಅಕ್ಷರ ಅಕ್ಷರವಾಗಿಯೇ ಉಳಿಯುವಂತೆ ಮಾಡಿದುದು ಅದರ ಹಿರಿಮೆ. ಆದರೆ ಹಳಗನ್ನಡದ ಓದುಗರಿಗೆ ಪರಿಚಿತವಾದ ‘ೞ’ ಅಕ್ಷರಕ್ಕೆ ಅಲ್ಲಿ ‘ಫ’ ಎಂಬರ್ಥದ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ಆ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಬೇಕಾಯಿತು. ಅದರ ಮನೆಯೂ ‘ಳ’ಕಾರದಿಂದ ದೂರ, ಪಂಕ್ತಿಯ ಕೊನೆಯ ಭಾಗದಲ್ಲಿದೆ. ಬರಿಯ ಸಂಖ್ಯೆಯನ್ನು ನೋಡಿ ಅಕಾರಾದಿಯನ್ನು ಕಟ್ಟಿದರೆ ಹಾನಗಲ್ಲಿನ ಶಾಸನಪದಗಳ ಸೂಚಿಯಲ್ಲಿ ೞಕಾರದ ರೂಪಗಳು ತಮ್ಮ ಬಳಗದಿಂದ ಅಗಲುವುವು. ‘ರ‍್ಯಾಂಕ್’ ಎಂಬಲ್ಲಿ ರಕಾರವನ್ನು ಪೂರ್ಣವಾಗಿ ಉಳಿಸುವ ಕಾಣದ ಗುರುತನ್ನು ರಕಾರದ ಬೆನ್ನಿಗೆ ಇಡಬೇಕೆಂಬುದು ವಿಧಿ. ಪೊಲ್ಲಿನ ಬಳಿಕ ಇಟ್ಟ ಕಡತಗಳೂ ಇವೆ. ಅವು ಫಾಂಟಿಗೊಂದು ರೂಪವಾಗಿ ಕಾಣುವುವು.

ಫಾಂಟಿನ ಮಾತೂ ಪೂರ್ತಿ ಮುಗಿದಿಲ್ಲ. ತುಂಗಾ ಫಾಂಟು ವಿಂಡೋಸ್ ೧೦ರಿಂದ ಐಚ್ಛಿಕ ಭಾಗವಾಯಿತು; ೨೦೧೨ರ ವಿಂಡೋಸ್ ೮ರೊಡನೆ ಬಂದ ‘ನಿರ್ಮಲಾ’ ಅದರ ಸ್ಥಾನದಲ್ಲಿ ನಿಲ್ಲುವುದು. ತುಂಗಾದಲ್ಲಿ ಜೋಡಿಸಿದ ಪ್ರಬಂಧವನ್ನು ಹೊಸ ಯಂತ್ರದಲ್ಲಿ ತೆರೆದಾಗ ಅಕ್ಷರ ಕೆಡುವುದಿಲ್ಲ. ಆದರೆ ಸಾಲುಗಳು ಸರಿದು ಪುಟಸಂಖ್ಯೆ ಬದಲಾಗುವುದು, ಪದಸೂಚಿ ಸುಳ್ಳಾಗುವುದು. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್ ವಿಭಾಗದಿಂದ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಿಕೊಂಡರೆ ಇದು ಸರಿಹೋಗುವುದು.

೭

ಮೇಲಿನ ವಿಚಾರದಿಂದ ಫಲಿಸುವ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಮೊದಲನೆಯದಾಗಿ, ವ್ಯವಸ್ಥೆಯನ್ನು ಬದಲಿಸುವುದಕ್ಕೆ ಮುಂಚೆ ಎಲ್ಲ ಕಡತಗಳನ್ನೂ ಇದ್ದಂತೆಯೇ ಹೊರಗಿನ ಡಿಸ್ಕಿಗೆ ಇಳಿಸಬೇಕು. ಅವುಗಳ ಫಾಂಟುಗಳನ್ನೂ, ಉಪಕರಣಗಳ ಡ್ರೈವರುಗಳನ್ನೂ ಜೊತೆಗಿಡಬೇಕು. ಮುಖ್ಯವಾದವನ್ನು ಫಾಂಟು ಸಹಿತ ಪಿಡಿಎಫ್ ಮಾಡಿಡಬೇಕು. ಈ ಪಿಡಿಎಫ್ ನಮಗೆ ಮಾತೃಕೆಯ ಸಾಕ್ಷಿ. ಎರಡನೆಯದಾಗಿ, ಹೊಸ ಯಂತ್ರದಲ್ಲಿ ಕಡತವನ್ನು ಮೊದಲು ಹಳೆಯ ಫಾಂಟಿನಲ್ಲಿಯೇ ಓದಿ ನೋಡಬೇಕು. ಆಮೇಲೆ ಅದರ ಪ್ರತಿಯನ್ನು ಪರಿವರ್ತಿಸಬೇಕು. ಮೂಲವನ್ನು ಎಂದಿಗೂ ಪರಿವರ್ತಿಸಕೂಡದು. ಮೂರನೆಯದಾಗಿ, ಒತ್ತು, ಅರ್ಕಾವೊತ್ತು, ಪೊಲ್ಲು, ದೀರ್ಘ, ಹಳಗನ್ನಡದ ಅಕ್ಷರ, ಇವುಳ್ಳ ಪದಗಳ ಪಟ್ಟಿಯೊಂದನ್ನು ಮಾಡಿ ಅವನ್ನು ಹುಡುಕಿ ಹೋಲಿಸಬೇಕು. ನಾಲ್ಕನೆಯದಾಗಿ, ಯಾವ ಪರಿವರ್ತಕದ ಯಾವ ಆವೃತ್ತಿಯನ್ನು ಯಾವ ದಿನ ಬಳಸಲಾಯಿತು, ಎಲ್ಲಿ ತಿದ್ದಲಾಯಿತು ಎಂಬುದನ್ನು ಕಡತದೊಡನೆಯೇ ಬರೆದಿಡಬೇಕು. ತಾಳೆಯೋಲೆಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರನ್ನೂ ಕಾಲವನ್ನೂ ಬರೆಯುತ್ತಿದ್ದ. ಗಣಕದ ಪ್ರತಿಗೆ ಅಷ್ಟು ಮರ್ಯಾದೆಯಾದರೂ ಸಲ್ಲಬೇಕು.

ಇದೆಲ್ಲ ದೊಡ್ಡ ವೆಚ್ಚದ ಕೆಲಸವಲ್ಲ. ಸಂಪಾದನಶಾಸ್ತ್ರವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಹಳೆಯ ಕಡತವೊಂದನ್ನು ಕೊಟ್ಟು, ಅದರ ಪರಿವರ್ತಿತ ಪ್ರತಿಯೊಡನೆ ಹೋಲಿಸಿ ದೋಷಗಳನ್ನೂ ಪಾಠಾಂತರಗಳನ್ನೂ ಬೇರೆ ಬೇರೆ ಪಟ್ಟಿ ಮಾಡಿಸಿದರೆ, ಅವನಿಗೆ ಶಾಸ್ತ್ರದ ಅಭ್ಯಾಸವಾಗುವುದು. ವಿಭಾಗಕ್ಕೆ ಒಂದು ಶುದ್ಧಪ್ರತಿ ದೊರೆಯುವುದು. ಓಲೆಕಟ್ಟುಗಳು ಎಲ್ಲರಿಗೂ ಸಿಕ್ಕಲಾರವು. ಹಳೆಯ ಮೊಳೆಗಳಲ್ಲಿ ಜೋಡಿಸಿದ ಕಡತ ಇಲ್ಲದ ಕಾಲೇಜು ವಿರಳ. ಮುಂದಿನ ವ್ಯವಸ್ಥೆ ಬರುವ ಮುನ್ನ ಈ ಕೆಲಸವನ್ನು ಪಠ್ಯಕ್ರಮದ ಪ್ರಾಯೋಗಿಕ ಅಂಗವಾಗಿ ಸೇರಿಸುವುದು ಯುಕ್ತವೆಂದು ನಮ್ಮ ಮತ.